ಎಲ್ಫ್ ವಿಝಾರ್ಡ್‌ಗೆ ಕಾಗದದಲ್ಲಿ ಎಚ್‌ಪಿ 7, ಆ್ಯಪ್‌ನಲ್ಲಿ 8: ಯಾವ ಲೆಕ್ಕ ಸರಿ?

ಚಂಪಕಾ_ಮೈಸೂರು

ಎಲ್ಲರಿಗೂ ನಮಸ್ಕಾರ. ಬರೋ ಶನಿವಾರ ನಮ್ಮ ಗುಂಪಿನ ಮೊದಲ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಹಾಕಿ ಆಡೋ ಆಟ) ಸೆಷನ್. ನಮ್ಮ ಚಿಕ್ಕಪ್ಪನ ಮಗ ಡಿಎಂ, ಅಂದ್ರೆ ಆಟ ನಡೆಸೋನು. "1ನೇ ಲೆವೆಲ್ ಕ್ಯಾರೆಕ್ಟರ್ ಮಾಡ್ಕೊಂಡು ಬನ್ನಿ" ಅಂತಷ್ಟೇ ಹೇಳಿದ್ದಾನೆ. ಅವನ ಹತ್ತಿರ ಇರೋ ಹಳೇ ಪ್ಲೇಯರ್ಸ್ ಹ್ಯಾಂಡ್‌ಬುಕ್ ತಗೊಂಡು ಕಾಗದದಲ್ಲಿ ಹೈ ಎಲ್ಫ್ ಕುಲದ ವಿಝಾರ್ಡ್ (ಮಂತ್ರವಾದಿ) ಮಾಡಿದೆ. ಅಂಕಿಗಳು ಪುಸ್ತಕದಲ್ಲಿರೋ 15, 14, 13, 12, 10, 8. ಇಂಟೆಲಿಜೆನ್ಸ್‌ಗೆ (ಬುದ್ಧಿ) 15, ಡೆಕ್ಸ್‌ಟೆರಿಟಿಗೆ (ಚುರುಕು) 14, ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ತಾಳಿಕೆ) 13 ಇಟ್ಟೆ. ಎಚ್‌ಪಿ (ಎಷ್ಟು ಏಟು ತಡೀಬಹುದು ಅನ್ನೋ ಅಂಕಿ) 7, ಎಸಿ (ಏಟು ತಗಲೋಕೆ ಎದುರಾಳಿ ಮುಟ್ಟಬೇಕಾದ ಅಂಕಿ) 13 ಬಂತು.

ಅದನ್ನೇ ಡಿ ಅಂಡ್ ಡಿ ಬಿಯಾಂಡ್ ಆ್ಯಪ್‌ನಲ್ಲಿ ಹಾಕಿ, ಬ್ಯಾಕ್‌ಗ್ರೌಂಡ್ ಸೇಜ್ ಅಂತ ಆರಿಸಿದರೆ ಎಚ್‌ಪಿ 8, ಎಸಿ 12 ತೋರಿಸ್ತಿದೆ. ಯಾವುದನ್ನ ನಂಬಲಿ? ಇನ್ನೊಂದು ವಿಷಯ: ನನ್ನ ಗೆಳತಿ ದಾಳ ಹಾಕಿಯೇ ಅಂಕಿ ತೆಗೀತೀನಿ ಅಂತ ಹಟ ಹಿಡಿದಿದ್ದಾಳೆ. ಅದು ನಡೆಯುತ್ತಾ?

ಹಳೇ_ಡಿಎಂ

ಚಂಪಕಾ ಅವರೇ, ನಿಮ್ಮ ಎರಡು ಲೆಕ್ಕವೂ ಸರಿಯಾಗಿದೆ, ಪುಸ್ತಕಗಳು ಮಾತ್ರ ಬೇರೆ ಬೇರೆ. ನಿಮ್ಮ ಕೈಯಲ್ಲಿರೋದು 2014ರದ್ದು. ಅದರಲ್ಲಿ ಬೋನಸ್ ಬರೋದು ಕುಲದಿಂದ: ಹೈ ಎಲ್ಫ್‌ಗೆ ಡೆಕ್ಸ್ +2, ಇಂಟ್ +1. ಹಾಗಾಗಿ ಡೆಕ್ಸ್ 16, ಇಂಟ್ 16, ಕಾನ್ 13ರಲ್ಲೇ ನಿಂತಿತು. ವಿಝಾರ್ಡ್ ಎಚ್‌ಪಿ 6, ಕಾನ್ ಮಾಡಿಫೈಯರ್ (ಅಂಕಿಗೆ ತಕ್ಕಂತೆ ಸೇರಿಸೋ ಸಂಖ್ಯೆ) +1, ಒಟ್ಟು 7. ಎಸಿ 10 ಜೊತೆಗೆ ಡೆಕ್ಸ್ ಮಾಡಿಫೈಯರ್ 3.

ಆ್ಯಪ್ ಲೆಕ್ಕ ಹಾಕಿರೋದು 2024ರ ಪುಸ್ತಕದ ಪ್ರಕಾರ. ಅಲ್ಲಿ ಎಲ್ಫ್ ಆದ್ದಕ್ಕೆ ಅಂಕಿ ಏರೋದಿಲ್ಲ, ಬೋನಸ್ ಬ್ಯಾಕ್‌ಗ್ರೌಂಡಿನಿಂದ ಬರುತ್ತೆ. ಸೇಜ್ ಆದರೆ ಕಾನ್, ಇಂಟ್, ವಿಸ್‌ಡಮ್ ಈ ಮೂರರಲ್ಲೇ ಹಂಚಬೇಕು: ಒಂದಕ್ಕೆ +2 ಇನ್ನೊಂದಕ್ಕೆ +1, ಇಲ್ಲಾಂದ್ರೆ ಮೂರಕ್ಕೂ ಒಂದೊಂದು. ನೀವು ಇಂಟ್ 17, ಕಾನ್ 14 ಮಾಡಿರಬೇಕು. ಡೆಕ್ಸ್ 14ರಲ್ಲೇ ಉಳೀತು. ಅದಕ್ಕೇ 8 ಮತ್ತು 12.

ಒಂದಂಕಿ ವ್ಯತ್ಯಾಸ ಅಂತ ಬಿಟ್ಟುಬಿಡಬೇಡಿ. ಹಳೇ ಮಾನ್‌ಸ್ಟರ್ ಮ್ಯಾನ್ಯುಯಲ್‌ನ ಗಾಬ್ಲಿನ್ +4 ಸೇರಿಸಿ ಹೊಡೆಯುತ್ತೆ, ಕತ್ತಿ ಏಟು ಡಿ6+2 (ಡಿ6 ಅಂದ್ರೆ ಆರು ಮುಖದ ದಾಳ). ಎಸಿ 13ಕ್ಕೆ ಡಿ20ಯಲ್ಲಿ (ಇಪ್ಪತ್ತು ಮುಖದ ದಾಳ) 9 ಬೀಳಬೇಕು, ಎಸಿ 12ಕ್ಕೆ 8 ಸಾಕು. ಅಂದ್ರೆ 2024ರ ವಿಝಾರ್ಡ್‌ಗೆ ಏಟು ಸ್ವಲ್ಪ ಜಾಸ್ತಿ ತಗಲುತ್ತೆ. ಆದರೆ ಏಟು ಬಿದ್ದ ಮೇಲೆ ನೋಡಿ: ಎಚ್‌ಪಿ 7 ಇರೋಳು ಆ ಡಿ6ರಲ್ಲಿ 5 ಬಂದರೂ ಉರುಳ್ತಾಳೆ, 6 ಬಂದರೂ ಉರುಳ್ತಾಳೆ. ಎಚ್‌ಪಿ 8 ಇರೋಳನ್ನ 6 ಮಾತ್ರ ಕೆಡವುತ್ತೆ. ಕ್ರಿಟಿಕಲ್ (20 ಬಿದ್ದಾಗ ಸಿಗೋ ಹೆಚ್ಚಿನ ಏಟು) ಬಿಟ್ಟು ಲೆಕ್ಕ ಹಾಕಿದರೆ, ಒಂದೊಂದು ದಾಳಿಗೆ ನೆಲಕ್ಕೆ ಬೀಳೋ ಸಾಧ್ಯತೆ ನೂರಕ್ಕೆ 20 ಇದ್ದದ್ದು ಸುಮಾರು 11ಕ್ಕೆ ಇಳಿಯುತ್ತೆ. 1ನೇ ಲೆವೆಲ್ ವಿಝಾರ್ಡ್‌ಗೆ ಕಾನ್ ಎಷ್ಟು ಮುಖ್ಯ ಅಂತ ಹೊಸಬರಿಗೆ ನಾನು ಯಾವಾಗಲೂ ಹೇಳೋದು ಇದಕ್ಕೇ.

ಈಗ ಮಾಡಬೇಕಾದ್ದು: ಅಣ್ಣನೋ ತಮ್ಮನೋ, ಡಿಎಂಗೆ ಫೋನ್ ಮಾಡಿ ಆಡೋದು 2014ರದ್ದಾ 2024ರದ್ದಾ ಕೇಳಿ. ಎರಡನ್ನೂ ಕಲಸಿದರೂ ನಡೆಯುತ್ತೆ, ಆದರೆ ಹಳೇ ಪುಸ್ತಕದ ಕುಲಕ್ಕೆ ಹೊಸ ಬ್ಯಾಕ್‌ಗ್ರೌಂಡ್ ಜೋಡಿಸಿದಾಗ ಕುಲದ ಬೋನಸ್ ಬಿಡಬೇಕು. ಇಲ್ಲಾಂದ್ರೆ ಒಂದೇ ಬೋನಸ್ ಎರಡು ಸಲ ತಗೊಂಡಂಗಾಗುತ್ತೆ. ಆ್ಯಪ್‌ನಲ್ಲಿ ಹಳೇದರ ಮೇಲೆ 'ಲೆಗಸಿ' ಅಂತ ಪಟ್ಟಿ ಇರುತ್ತೆ, ನೋಡಿಕೊಂಡು ಆರಿಸಿ.

ನೀವು ಮೊದಲು ಕಾಗದದಲ್ಲಿ ಮಾಡಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ನನ್ನ ಟೇಬಲ್‌ಗೆ ಯಾರೇ ಹೊಸಬರು ಬಂದರೂ ಮೊದಲ ಕ್ಯಾರೆಕ್ಟರನ್ನ ಪೆನ್ಸಿಲ್, ರಬ್ಬರ್ ಇಟ್ಕೊಂಡೇ ಮಾಡಿಸ್ತೀನಿ. ಎಸಿ 13 ಎಲ್ಲಿಂದ ಬಂತು ಅಂತ ಒಂದು ಸಲ ಕೈಯಿಂದ ಬರೆದೋರು ಮುಂದೆ ಆಟದ ಮಧ್ಯೆ "ನಾನು ಏನು ಸೇರಿಸಬೇಕು?" ಅಂತ ಕೇಳೋದಿಲ್ಲ. ಆ್ಯಪ್ ಬೇಕಾಗೋದು ಆಮೇಲೆ, ಲೆವೆಲ್ ಏರಿ ಸ್ಪೆಲ್ ಪಟ್ಟಿ ಉದ್ದ ಆದಾಗ. ಬಿಯಾಂಡ್‌ನಲ್ಲಿ ದುಡ್ಡಿಲ್ಲದ ಖಾತೆಗೆ ಆರು ಕ್ಯಾರೆಕ್ಟರ್ ಸಿಗುತ್ತೆ, ಶುರುವಿಗೆ ಧಾರಾಳ.

ಗಿರಿ_ಹುಬ್ಬಳ್ಳಿ

ಕಾಗದದ ವಿಷಯ ನಾ ಒಪ್ಪಂಗಿಲ್ರಿ. ಹೊಸಬರಿಗೆ ಮೊದಲನೇ ದಿನಾನೇ ಇಷ್ಟು ಲೆಕ್ಕ ಕೊಟ್ರ ಎರಡನೇ ಸೆಷನ್‌ಗೆ ಬರಂಗಿಲ್ಲ. ನಾವು ಆಡೋದು ಪಾತ್‌ಫೈಂಡರ್ 2ನೇ ಆವೃತ್ತಿ, ಇದೇ ಥರದ ಇನ್ನೊಂದು ಆಟ. ಪಾತ್‌ಬಿಲ್ಡರ್ ಆ್ಯಪ್ ಒಂದೊಂದ ಹಂತ ಮುಂದಿಡ್ತದ: ವಂಶ, ಬ್ಯಾಕ್‌ಗ್ರೌಂಡ್, ಕ್ಲಾಸ್, ಕಡೀಕ ನಾಲ್ಕು ಸ್ವಂತದ ಬೂಸ್ಟ್ (ಅಂಕಿ ಏರಿಕೆ). ಏನರ ಬಿಟ್ರ ಅಲ್ಲೇ ತೋರಸ್ತದ. ನಿಯಮ ಎಲ್ಲಾ ಆರ್ಕೈವ್ಸ್ ಆಫ್ ನೆಥಿಸ್ ಸೈಟ್‌ನ್ಯಾಗ ಪುಕ್ಕಟ ಓದಬಹುದು. ದಾಳದ ಜಗಳಾನೂ ಇಲ್ಲ.

ಹಳೇ_ಡಿಎಂ

ಗಿರಿ ಅವರೇ, ಪಾತ್‌ಫೈಂಡರ್‌ಗೆ ನಿಮ್ಮ ಮಾತು ಒಪ್ಪುತ್ತೀನಿ. ಅದರಲ್ಲಿ 1ನೇ ಲೆವೆಲ್‌ನಲ್ಲೇ ಫೀಟ್‌ಗಳ (ವಿಶೇಷ ಸಾಮರ್ಥ್ಯಗಳ) ರಾಶಿ, ಕಾಗದದಲ್ಲಿ ಹುಡುಕೋಕೆ ಸಂಜೆಯೇ ಬೇಕು. ಡಿ ಅಂಡ್ ಡಿಯ ಮೊದಲ ಲೆವೆಲ್ ಒಂದೇ ಹಾಳೆಯಲ್ಲಿ ಮುಗಿಯುತ್ತೆ, ಅದನ್ನ ಆ್ಯಪ್‌ಗೆ ಬಿಟ್ಟುಕೊಡಬೇಕಾಗಿಲ್ಲ. ಬೇಕಾದಾಗ ತಿರುವಿ ನೋಡೋಕೆ ಎಸ್‌ಆರ್‌ಡಿ (ಮೂಲ ನಿಯಮಗಳ ದಾಖಲೆ) ಪುಕ್ಕಟೆ ಸಿಗುತ್ತೆ. 2023ರಲ್ಲಿ 5.1, 2025ರಲ್ಲಿ 5.2, ಎರಡನ್ನೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ.

ಚಂಪಕಾ_ಮೈಸೂರು

ತುಂಬಾ ಥ್ಯಾಂಕ್ಸ್ ಸರ್. ತಮ್ಮನಿಗೆ ಕೇಳಿದೆ, 2024ರದ್ದೇ ಆಡೋಣ ಅಂದ. ಇಂಟ್ 17 ಆದ್ರೂ ಮಾಡಿಫೈಯರ್ +3ರಲ್ಲೇ ಇದೆಯಲ್ಲ, 16ಕ್ಕೂ ಅಷ್ಟೇ. ಆ ಒಂದು ದಂಡ ಅಲ್ವಾ? ದಾಳದ ಬಗ್ಗೆಯೂ ಹೇಳಿ, ಗೆಳತಿ ಬಿಡ್ತಿಲ್ಲ.

ಹಳೇ_ಡಿಎಂ

ದಂಡ ಅಲ್ಲ. 4ನೇ ಲೆವೆಲ್‌ನಲ್ಲಿ ಫೀಟ್ ಸಿಗುತ್ತೆ. ಆಗ ವಾರ್ ಕ್ಯಾಸ್ಟರ್ ತಗೊಂಡರೆ ಅದರ ಜೊತೆಗೇ ಇಂಟ್ +1, 18 ಆಗಿ ಮಾಡಿಫೈಯರ್ +4ಕ್ಕೆ ಏರುತ್ತೆ. 16 ಇದ್ದಿದ್ದರೆ ಆ +1 ಸೇರಿಯೂ +3ರಲ್ಲೇ ಇರ್ತಿತ್ತು.

ದಾಳಕ್ಕೆ ಬರೋಣ. ನಾಲ್ಕು ಡಿ6 ಹಾಕಿ ಕಡಿಮೆ ಬಿದ್ದದ್ದನ್ನ ಬಿಟ್ಟರೆ ಸರಾಸರಿ 12.24. ನಿಮ್ಮ 15, 14, 13, 12, 10, 8ರ ಸಾಲಿನ ಸರಾಸರಿ 12. ಸರಾಸರಿಯಲ್ಲಿ ಹೇಳಿಕೊಳ್ಳೋ ಲಾಭ ಇಲ್ಲ, ಆದರೆ ಒಬ್ಬರಿಗೊಬ್ಬರಿಗೆ ಅಂತರ ಭಾರಿ ಆಗಬಹುದು. ನಮ್ಮ ಒಂದು ಆಟದಲ್ಲಿ ಪಕ್ಕಪಕ್ಕದಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬನಿಗೆ 18 ಬಿತ್ತು, ಇನ್ನೊಬ್ಬನ ಅತಿ ದೊಡ್ಡ ಅಂಕಿ 13. ಬಾಗಿಲು ಒಡೆಯೋದಿರಲಿ, ಕಾವಲುಗಾರನ ಹತ್ತಿರ ಮಾತಾಡೋದಿರಲಿ, ಎಲ್ಲದಕ್ಕೂ ಮೊದಲನೆಯವನೇ ಮುಂದೆ. ಎರಡನೆಯವನು ಬರಬರುತ್ತಾ ಬಾಯಿ ಬಿಡೋದೇ ಕಮ್ಮಿ ಮಾಡಿದ. ಒಂದು ಅಭಿಯಾನ ತಿಂಗಳುಗಟ್ಟಲೆ ನಡೆಯೋದು, ಅಷ್ಟೂ ದಿನ ಹಿಂದೆ ಕೂರೋದು ಯಾರಿಗೂ ಬೇಡ.

ಆದರೂ ದಾಳ ಉರುಳಿಸೋ ಖುಷಿ ನಿಮ್ಮ ಗೆಳತಿಗೆ ತಪ್ಪಬಾರದು. ಹೀಗೆ ಮಾಡಿ: ಶನಿವಾರ ಎಲ್ಲರೂ ಒಟ್ಟಿಗೆ ಕೂತು ತಲಾ ಆರು ಅಂಕಿ ತೆಗೆಯಿರಿ, ಎಲ್ಲ ಸಾಲುಗಳನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಯಾರು ಬೇಕಾದರೂ ಯಾವ ಸಾಲನ್ನಾದರೂ ಆರಿಸಲಿ, ಒಂದೇ ಸಾಲನ್ನ ಇಬ್ಬರು ತಗೊಂಡರೂ ತೊಂದರೆ ಇಲ್ಲ. ಆ್ಯಪ್‌ನಲ್ಲಿ ಅಂಕಿಗಳನ್ನ ಕೈಯಿಂದ ತುಂಬೋ ಆಯ್ಕೆ ಇದೆ, ಅಲ್ಲಿ ಹಾಕಿಕೊಳ್ಳಿ. ಮೇಜ್ ಆರ್ಮರ್ ಸ್ಪೆಲ್ ಮಾತ್ರ ಬರೆದುಕೊಳ್ಳೋಕೆ ಮರೀಬೇಡಿ. ಡೆಕ್ಸ್ 14 ಇದ್ದರೂ ಎಂಟು ಗಂಟೆ ಎಸಿ 15 ಇರುತ್ತೆ.