ಚೇಸಿಂಗ್‌ನಲ್ಲಿ ಹೀರೋ ಸಪ್ಪೆ ಕಾಣ್ತಾನೆ, ಯಾಕೆ?

ಮಂಡ್ಯ ಹೈದ: ಮೇಲುಕೋಟೆ ಮೆಟ್ಟಿಲ ಮೇಲೆ ನಿಧಿ ಹುಡುಕಾಟದ ಕಿರುಚಿತ್ರ. ಹೀರೋ ಎದುರಿಗೆ ಸಖತ್ ಕಳೆಯಿರೋ ಹುಡುಗ, ಎಡಿಟಿಂಗ್‌ಗೆ ಬಂದರೆ ಸಪ್ಪೆ. ಏನು ಮಾಡೋದು?

ಕತ್ತರಿ: ಓಡೋದು ಎಲ್ಲರೂ ಓಡ್ತಾರೆ ಸಾರ್, ಜನ ನೋಡೋದು ಎಡವಿದ ಮೇಲಿನ ಮುಖ. ಏಟು ಬಿದ್ದ ಕೂಡಲೇ ಕಟ್ ಮಾಡಬೇಡಿ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಇನ್ನೊಂದು 36 ಫ್ರೇಮ್, ಅಂದ್ರೆ ಒಂದೂವರೆ ಸೆಕೆಂಡ್, ಮುಖದ ಮೇಲೇ ಬಿಡಿ. ಮೊದಲು ಬೆಚ್ಚಲಿ, ಆಮೇಲೆ ನಗಲಿ. ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ (1981) ನೋಡಿ: ಹೀರೋ ಹ್ಯಾರಿಸನ್ ಫೋರ್ಡ್‌ಗೆ ಶೂಟಿಂಗ್‌ನಲ್ಲಿ ಹೊಟ್ಟೆ ಕೆಟ್ಟಿತ್ತು, ಕತ್ತಿ ಹಿಡಿದವನ ಜೊತೆಗಿನ ಉದ್ದದ ಕಾಳಗ ಬಿಟ್ಟು ಒಂದೇ ಗುಂಡಿಗೆ ಮುಗಿಸಿದರು. ನಗು ಉಕ್ಕೋದು ಆ ಸುಸ್ತಾದ ಮುಖಕ್ಕೆ.

ಕುವೆಂಪುನಗರ: ನಡುಮಧ್ಯಾಹ್ನ ತೆಗೆದ್ರಾ? ನೆತ್ತಿ ಬಿಸಿಲಲ್ಲಿ ಹುಬ್ಬಿನ ನೆರಳು ಬಿದ್ದು ಕಣ್ಣೇ ಕಾಣಲ್ಲ. ಬೆಳಿಗ್ಗೆ 9ರೊಳಗೆ ಮುಗಿಸಿ, ಇಲ್ಲಾ ಬೆಳಕು ಮುಖಕ್ಕೆ ಹೊಡೆಯೋ ಹಾಗೆ ಎದೆಮಟ್ಟದಲ್ಲಿ ಬಿಳಿ ಥರ್ಮೋಕೋಲ್ ಹಿಡಿಸಿ.

ಕತ್ತರಿ: ಹ್ಯಾಟ್ ಹಾಕಿಸಿದ್ರೆ ಇನ್ನೂ ಕಷ್ಟ, ಅಂಚು ಸ್ವಲ್ಪ ಮೇಲೆತ್ತಿ.