‘ಬೋಲ್ಟ್ ಆಕ್ಷನ್’ ರೈಫಲ್‌ಗೆ ‘ಚಿಲಕದ ರೈಫಲ್’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಗೆಳೆಯರೊಬ್ಬರು ಮೊದಲನೇ ಮಹಾಯುದ್ಧದ ಬಗ್ಗೆ ಒಂದು ಅನುವಾದ ಮಾಡಿದ್ದಾರೆ. ಅದನ್ನು ತಿದ್ದುತ್ತಾ ಕೂತಿದ್ದೇನೆ. ಮೂರನೇ ಪುಟದಲ್ಲೇ ‘ಬೋಲ್ಟ್ ಕ್ರಿಯೆಯ ಬಂದೂಕು’ ಎದುರಾಯಿತು. ಸ್ವಲ್ಪ ಮುಂದೆ ಹೋದರೆ ‘ಒಂಟಿ ಕ್ರಿಯೆಯ ರಿವಾಲ್ವರ್’. ಅದಾದ ಮೇಲೆ ‘ಜೋಡಿ ಕ್ರಿಯೆ’. ಇಷ್ಟೊಂದು ಕ್ರಿಯೆ ಒಟ್ಟಿಗೆ ಓದಿದರೆ ನನಗೆ ಹನ್ನೊಂದನೇ ದಿನದ ಊಟ ನೆನಪಾಗುತ್ತದೆ. ಕೋವಿಯ ವಿಷಯದಲ್ಲಿ ಅದೂ ಪೂರ್ತಿ ತಪ್ಪಲ್ಲ ಬಿಡಿ, ಆದರೆ ಲೇಖಕರ ಉದ್ದೇಶ ಅದಲ್ಲ.

ಹಾಗಾದರೆ ‘ಆಕ್ಷನ್’ ಅಂದರೆ ಏನು? ಕೋವಿಯ ಹಿಂಭಾಗದಲ್ಲಿ ನಾಲ್ಕು ಕೆಲಸ ಆಗಬೇಕು. ಮದ್ದು, ಗುಂಡು ಒಟ್ಟಿಗಿರುವ ತೋಟಾ ಒಳಗೆ ಹೋಗಬೇಕು. ನಳಿಗೆಯ ಹಿಂಬಾಯಿ ಬಿಗಿಯಾಗಿ ಮುಚ್ಚಬೇಕು. ತೋಟಾದ ಬುಡಕ್ಕೆ ಏಟು ಬೀಳಬೇಕು. ಆಮೇಲೆ ಖಾಲಿ ತೋಟಾ ಹೊರಗೆ ಬರಬೇಕು. ಈ ನಾಲ್ಕನ್ನೂ ಮಾಡುವ ಕಟ್ಟುಗಳ ಒಟ್ಟು ಹೆಸರು ಆಕ್ಷನ್. ಇಲ್ಲಿ ‘ಕ್ರಿಯೆ’ ಅಂದರೆ ಓದುಗನಿಗೆ ಏನೂ ಕಾಣಿಸುವುದಿಲ್ಲ.

ನಾನು ಹುಟ್ಟಿದ್ದು ಮಲೆನಾಡಿನಲ್ಲಿ. ನಮ್ಮ ದೊಡ್ಡಪ್ಪನ ಹತ್ತಿರ ಬೆಳೆ ರಕ್ಷಣೆಗೆ ಅಂತ ಪರವಾನಗಿ ಇದ್ದ ಜೋಡಿ ನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಒಯ್ದು ಠಾಣೆಯಲ್ಲಿ ಇಟ್ಟು ಬರುವುದು, ಅಷ್ಟರಲ್ಲಿ ಹಂದಿ ಬಂದು ಗದ್ದೆ ಉತ್ತು ಹೋಗುವುದು, ದೊಡ್ಡಪ್ಪ ಬೈಯುವುದು. ಇದೆಲ್ಲ ನಮಗೆ ಮಾಮೂಲಿ. ಆ ಕಡೆ ಕೋವಿಗೆ ಹೆಸರು ಕೊಡುವ ಕ್ರಮವೇ ಬೇರೆ. ಏನು ತುಂಬುತ್ತೀಯೋ ಅದರ ಮೇಲೆ ಹೆಸರು. ಬಾಯಿ ಕಡೆಯಿಂದ ಮದ್ದು ಸುರಿದು, ಕತ್ತ ತುರುಕಿ, ಚರೆ ಹಾಕಿ, ಗಜ ಅನ್ನುವ ಉದ್ದ ಸಲಾಕೆಯಿಂದ ಜಡಿದು, ಹಿಂದೆ ಒಂದು ಕೇಪು (ಏಟು ಬಿದ್ದರೆ ಕಿಡಿ ಕೊಡುವ ಪುಟ್ಟ ಟೋಪಿ) ಕೂರಿಸಿ ಹೊಡೆಯುವುದು ‘ಕೇಪಿನ ಕೋವಿ’. ತೋಟಾ ಹಾಕಿ ಹೊಡೆಯುವುದು ‘ತೋಟಾ ಕೋವಿ’. ಇಷ್ಟೇ. ‘ಯಾವ ಆಕ್ಷನ್?’ ಅಂತ ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ತೋಟಾ ಕೋವಿ ಅಂದರೆ ನಡು ಮುರಿಯುವ ಕೋವಿ ಒಂದೇ ನಮಗೆ ಗೊತ್ತಿದ್ದದ್ದು. ಮೇಲಿನ ಸಣ್ಣ ಕೀಲಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಎರಡು ತೋಟಾ ಹಾಕಿ, ಟಪ್ ಅಂತ ಮುಚ್ಚುವುದು. ನಮ್ಮಲ್ಲಿ ಅದಕ್ಕೆ ‘ಕೋವಿ ಮುರಿ’ ಅನ್ನುತ್ತಿದ್ದರು. ನೆಂಟರು ಬಂದಾಗ ದೊಡ್ಡಪ್ಪ ಕೋವಿ ಮುರಿದೇ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಒಳಗೆ ಏನೂ ಇಲ್ಲ ಅಂತ ಎದುರಿಗಿದ್ದವರಿಗೆ ಕಣ್ಣಿಗೇ ಕಾಣಬೇಕು ಅಂತ. ಈ ಕಟ್ಟಿನ ದೊಡ್ಡ ಗುಣವೇ ಅದು. ಕೀಲು ಒಂದೇ, ಕೆಡುವುದು ಕಡಿಮೆ, ತುಂಬಿದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತದೆ. ಕೊರತೆ ಅಂದರೆ ಎರಡು ಈಡು ಆದ ಮೇಲೆ ಹಂದಿ ನಿಮ್ಮ ಕಡೆ ತಿರುಗಿದರೆ ಮರ ಹತ್ತಬೇಕು.

ಹಾಗಾಗಿ ಇದಕ್ಕೆ ‘ಮುರಿಯುವ ಕೋವಿ’ ಅಂತ ಬರೆದರೆ ಸಾಕು ಅಂತ ನನ್ನ ಅನಿಸಿಕೆ. ‘ಮಡಚುವ ಕೋವಿ’ ಅಂದರೆ ಹಿಡಿ ಮಡಚುವ ಸೇನೆಯ ಬಂದೂಕು ಅಂತ ತಪ್ಪು ತಿಳಿಯುತ್ತಾರೆ.

ಈಗ ಮುಖ್ಯ ಪ್ರಶ್ನೆ, ಬೋಲ್ಟ್. ಇಂಗ್ಲಿಷಿನಲ್ಲಿ ಆ ಮಾತಿಗೆ ಬಾಗಿಲ ಅಗುಳಿ ಅನ್ನುವ ಅರ್ಥವೂ ಇದೆ. ರೈಫಲ್ಲಿನ ಬೋಲ್ಟ್ ಮಾಡುವ ಕೆಲಸವೂ ಅದೇ. ನಿಮ್ಮ ಮನೆಯ ಬಾಗಿಲ ಉದ್ದ ಚಿಲಕ ನೆನಪು ಮಾಡಿಕೊಳ್ಳಿ. ಹಿಡಿ ಮೇಲಕ್ಕೆ ತಿರುಗಿಸಿ, ಹಿಂದಕ್ಕೆ ಎಳೆದು, ಮತ್ತೆ ಮುಂದಕ್ಕೆ ತಳ್ಳಿ, ಹಿಡಿ ಕೆಳಗೆ ಮಲಗಿಸುತ್ತೀರಿ. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಎಳೆದಾಗ ಖಾಲಿ ತೋಟಾ ಆಚೆ ಹಾರುತ್ತದೆ. ತಳ್ಳಿದಾಗ ಕೆಳಗಿನ ಪೆಟ್ಟಿಗೆಯಿಂದ ಹೊಸದು ನಳಿಗೆಯೊಳಗೆ ಹೋಗುತ್ತದೆ. ಹಿಡಿ ಮಲಗಿಸಿದರೆ ಚಿಲಕ ಬಿತ್ತು. ಅದಕ್ಕೇ ‘ಚಿಲಕದ ರೈಫಲ್’ ಅಂತ ನನ್ನ ತಲೆಗೆ ಬಂದದ್ದು.

ಈ ಚಿಲಕ ಇತಿಹಾಸವನ್ನೇ ತಿರುಗಿಸಿದೆ. ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯ 1841ರಲ್ಲಿ ಡ್ರೈಸೆ ಅನ್ನುವವರ ರೈಫಲನ್ನು ಸೇನೆಗೆ ತೆಗೆದುಕೊಂಡಿತು. ಚಿಲಕದ ಒಳಗೆ ಉದ್ದನೆಯ ಸೂಜಿ. ಅದು ಕಾಗದದ ತೋಟಾವನ್ನು ತೂರಿ, ಮದ್ದನ್ನೂ ದಾಟಿ, ಗುಂಡಿನ ಬುಡದಲ್ಲಿದ್ದ ಕೇಪನ್ನು ಚುಚ್ಚುತ್ತಿತ್ತು. ಹಿಂಬಾಯಿ ಸರಿಯಾಗಿ ಮುಚ್ಚದೆ ಬಿಸಿ ಹೊಗೆ ಮುಖಕ್ಕೆ ಹೊಡೆಯುತ್ತಿತ್ತು. ಆದರೂ 1866ರ ಯುದ್ಧದಲ್ಲಿ ಆಸ್ಟ್ರಿಯಾದವರು ನಿಂತು ನಳಿಗೆಯ ಬಾಯಿಗೆ ಗಜ ಜಡಿಯುತ್ತಿದ್ದಾಗ ಪ್ರಷ್ಯಾದವರು ಮಲಗಿಕೊಂಡೇ ತುಂಬಿ ತುಂಬಿ ಹೊಡೆದರು. ಕೇಪಿನ ಕೋವಿಯನ್ನು ಮಲಗಿ ತುಂಬಲು ನೋಡಿದವರಿಗೆ ಇದರ ಬೆಲೆ ಗೊತ್ತು.

ನಾನು ತಿದ್ದುತ್ತಿರುವ ಪುಸ್ತಕದಲ್ಲಿ ಬರುವುದು ಎರಡು ಚಿಲಕ. ಜರ್ಮನರ 1898ರ ಮೌಸರ್, ಬ್ರಿಟಿಷರ ಲೀ ಎನ್‌ಫೀಲ್ಡ್. ಎರಡನೆಯದು ನಮಗೆ ಪರಿಚಯವೇ. ನಮ್ಮ ಪೊಲೀಸರ ಹೆಗಲಲ್ಲಿ ಬಹಳ ಕಾಲ ತೂಗಿದ ತ್ರೀ ನಾಟ್ ತ್ರೀ ಅದೇ. ಚಿಲಕ ಬಿಗಿಯಾಗಿ ಕೂರಬೇಕಾದರೆ ಅದಕ್ಕೆ ಕಿವಿಗಳಿರಬೇಕು, ಆ ಕಿವಿ ಗೂಡಿನೊಳಗೆ ಸಿಕ್ಕಿಕೊಳ್ಳಬೇಕು. ಮೌಸರ್‌ನಲ್ಲಿ ಆ ಕಿವಿಗಳು ಚಿಲಕದ ಮುಂತುದಿಯಲ್ಲಿ, ತೋಟಾದ ಬೆನ್ನಿಗೇ ಇವೆ. ಸಿಡಿತದ ಒದೆತವನ್ನು ಅಲ್ಲೇ ತಡೆಯುತ್ತವೆ. ಹಾಗಾಗಿ ಬಹಳ ಗಟ್ಟಿ, ಗುರಿಯೂ ಚೆನ್ನ. ಈಗಲೂ ಬೇಟೆ ರೈಫಲ್ ಮಾಡುವವರು ಆ ದಾರಿಯನ್ನೇ ಹಿಡಿಯುವುದು ಜಾಸ್ತಿ. ಲೀಯಲ್ಲಿ ಕಿವಿಗಳು ಹಿಂದೆ ಇವೆ. ಒದೆತ ಬಿದ್ದಾಗ ಚಿಲಕದ ಉದ್ದಕ್ಕೂ ಸ್ವಲ್ಪ ಅಮುಕಾಗುತ್ತದೆ, ತೋಟಾದ ಹಿತ್ತಾಳೆ ಹಿಗ್ಗುತ್ತದೆ. ಆದರೆ ಚಿಲಕ ಹೆಚ್ಚು ದೂರ ಎಳೆಯಬೇಕಾಗಿಲ್ಲ. ಮೌಸರ್‌ನ ಹಿಡಿ 90 ಡಿಗ್ರಿ ಏಳಬೇಕು, ಲೀಯದು 60 ಸಾಕು. ಪೆಟ್ಟಿಗೆಯಲ್ಲಿ ಮೌಸರ್‌ಗೆ 5 ತೋಟಾ, ಲೀಗೆ 10. ಆಗಿನ ಬ್ರಿಟಿಷ್ ಸೈನಿಕರು ನಿಮಿಷಕ್ಕೆ 15 ಗುರಿ ಈಡು ಹೊಡೆಯುವ ಅಭ್ಯಾಸ ಮಾಡುತ್ತಿದ್ದರು. ಗಟ್ಟಿತನ ಬೇಕಾ, ಚುರುಕು ಬೇಕಾ ಅನ್ನುವುದು ಎರಡು ಕಿವಿಗಳನ್ನು ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ನಿಂತಿತ್ತು. ಅನುವಾದದಲ್ಲಿ ಈ ಭಾಗಕ್ಕೆ ‘ಬೀಗಮುದ್ರೆಯ ಚಾಚುಗಳು’ ಅಂತ ಇದೆ. ನಾನು ಸುಮ್ನೆ ‘ಕಿವಿ’ ಮಾಡಿದ್ದೇನೆ. ಬಾಣಲೆಗೆ ಕಿವಿ ಇರಬಹುದಾದರೆ ಚಿಲಕಕ್ಕೂ ಇರಲಿ, ಅಲ್ವಾ?

ಇನ್ನು ಕುದುರೆ. ಕೇಪಿನ ಮೇಲೆ ಬಡಿಯುವ ಆ ಬಾಗಿದ ಸುತ್ತಿಗೆಗೆ ಕನ್ನಡದಲ್ಲಿ ಕುದುರೆ ಅಂತ ಹೆಸರು. ಹಳೆಯ ನಿಘಂಟುಗಳಲ್ಲೂ ಕುದುರೆಗೆ ಈ ಅರ್ಥ ಸಿಗುತ್ತದೆ. ತಮಿಳರೂ ಅದಕ್ಕೆ ಕುದಿರೈ ಅನ್ನುತ್ತಾರೆ, ಹಿಂದಿಯವರು ಘೋಡಾ ಅನ್ನುತ್ತಾರೆ. ಯುರೋಪಿನವರ ಕಣ್ಣಿಗೆ ಕುದುರೆ ಬಿದ್ದಿಲ್ಲ. ಇಂಗ್ಲಿಷರಿಗೂ ಜರ್ಮನರಿಗೂ ಅದು ಹುಂಜ, ಫ್ರೆಂಚರಿಗೂ ಇಟಲಿಯವರಿಗೂ ನಾಯಿ. ಟಿಪ್ಪುವಿನ ಕಾರ್ಖಾನೆಗಳಲ್ಲಿ ಮಾಡಿದ ಕೆಲವು ಚಕಮಕಿ ಕೋವಿಗಳಲ್ಲಿ ಅದೇ ಭಾಗಕ್ಕೆ ಹುಲಿಯ ರೂಪ ಕೊಟ್ಟಿದ್ದಾರೆ. ಕುದುರೆ ಹೋಗಿ ಹುಲಿಯಾದದ್ದು ನಮ್ಮ ಶ್ರೀರಂಗಪಟ್ಟಣದವರ ಕಾಲದಲ್ಲೇ ಇರಬೇಕು!

ಕಷ್ಟ ಏನೆಂದರೆ, ಪತ್ರಿಕೆಗಳಲ್ಲಿ ‘ಕುದುರೆ ಒತ್ತಿದ’ ಅಂತ ಬರೆದಾಗ ಅದು ಟ್ರಿಗರ್ ಆಗಿರುತ್ತದೆ. ಸಾಮಾನ್ಯ ಕಥೆಯಲ್ಲಿ ಇದರಿಂದ ತೊಂದರೆ ಇಲ್ಲ. ರಿವಾಲ್ವರ್ ವಿಷಯ ಬಂದಾಗ ಪೇಚಾಟ ಶುರು. ‘ಸಿಂಗಲ್ ಆಕ್ಷನ್’, ‘ಡಬಲ್ ಆಕ್ಷನ್’ ಅನ್ನುವಲ್ಲಿ ಆಕ್ಷನ್ ಅಂದರೆ ಮೇಲೆ ಹೇಳಿದ ಕಟ್ಟು ಅಲ್ಲವೇ ಅಲ್ಲ. ಅಲ್ಲಿ ಅದು ಟ್ರಿಗರ್ ಮಾಡುವ ಕೆಲಸಗಳ ಲೆಕ್ಕ. ಸಿಂಗಲ್‌ನಲ್ಲಿ ಕುದುರೆಯನ್ನು ಹೆಬ್ಬೆರಳಿನಿಂದ ನೀವೇ ಏರಿಸಬೇಕು, ಟ್ರಿಗರ್ ಅದನ್ನು ಬೀಳಿಸುತ್ತದೆ ಅಷ್ಟೇ. ಎಳೆತ ಹಗುರ, ಗುರಿ ಚೆನ್ನ, ಆದರೆ ಪ್ರತಿ ಸಲ ಹೆಬ್ಬೆರಳು ಆಡಬೇಕು. ಡಬಲ್‌ನಲ್ಲಿ ಟ್ರಿಗರ್ ಎಳೆದರೆ ಕುದುರೆ ತಾನೇ ಏರುತ್ತದೆ, ತಾನೇ ಬೀಳುತ್ತದೆ. ಬೇಗ ಹೊಡೆಯಬಹುದು, ಆದರೆ ಎಳೆತ ಉದ್ದ, ಬಿಗಿ, ಕೈ ಅಲ್ಲಾಡುತ್ತದೆ. ಕುದುರೆ ಮತ್ತು ಟ್ರಿಗರ್ ಎರಡಕ್ಕೂ ಒಂದೇ ಮಾತು ಬಳಸಿದರೆ ‘ಕುದುರೆ ಎಳೆದರೆ ಕುದುರೆ ಏಳುತ್ತದೆ’ ಅಂತ ಜಟಕಾಬಂಡಿಯ ಕಥೆ ಆಗುತ್ತದೆ. ನಾನು ಕುದುರೆಯನ್ನು ಸುತ್ತಿಗೆಗೆ ಬಿಟ್ಟುಕೊಟ್ಟು ಟ್ರಿಗರನ್ನು ಟ್ರಿಗರ್ ಅಂತಲೇ ಇಟ್ಟಿದ್ದೇನೆ. ‘ಏರಿಸಿ ಹೊಡೆಯುವ’ ಮತ್ತು ‘ಎಳೆದೇ ಹೊಡೆಯುವ’ ರಿವಾಲ್ವರ್ ಅಂತ ಬರೆದಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಯಾರಿಗಾದರೂ ಹೊಳೆದರೆ ಹೇಳಿ.

ಲಿವರ್ ರೈಫಲ್ ಒಂದೇ ಕಡೆ ಬರುತ್ತದೆ. ಕೌಬಾಯ್ ಸಿನಿಮಾದಲ್ಲಿ ಟ್ರಿಗರ್ ಸುತ್ತಲಿನ ಬಳೆಯನ್ನು ಕೆಳಗೆ ಒದರಿ ಮೇಲಕ್ಕೆ ತರುತ್ತಾರಲ್ಲ, ಅದು. 1873ರ ವಿಂಚೆಸ್ಟರ್ ಈ ಜಾತಿಯದು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಲಿವರ್‌ಗೆ ಸನ್ನೆ ಅಂತ ಓದಿದ ನೆನಪಾಗಿ ‘ಸನ್ನೆ ರೈಫಲ್’ ಬರೆದೆ. ಮನೆಯವಳು ಓದಿ, ‘ಕಣ್ಸನ್ನೆ ಮಾಡಿದರೆ ಹೊಡೆಯುತ್ತಾ?’ ಅಂದಳು. ಅಳಿಸಿದೆ. ಅದರ ತೋಟಾಗಳು ನಳಿಗೆಯ ಅಡಿಯ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಚೂಪು ಮೂತಿಯ ಗುಂಡಾದರೆ ಮುಂದಿನದರ ಕೇಪಿಗೆ ಚುಚ್ಚಿ ಒಳಗೇ ಸಿಡಿಯಬಹುದು. ಅದಕ್ಕೇ ಮೊಂಡು ಮೂತಿಯ ಗುಂಡು. ಮಲಗಿ ಹೊಡೆಯುವಾಗ ಬಳೆ ನೆಲಕ್ಕೆ ತಾಗುವ ಕಾಟವೂ ಇದೆ. ಕಂದಕದ ಯುದ್ಧದಲ್ಲಿ ಚಿಲಕ ಗೆದ್ದದ್ದು ಸುಮ್ಮನೆ ಅಲ್ಲ.

ಕೊನೆಗೆ ಎಲ್ಲಕ್ಕಿಂತ ಜಾಸ್ತಿ ಗೊಂದಲ ಮಾಡುವ ಪದ, ‘ಅರೆ ಸ್ವಯಂಚಾಲಿತ’. ಓದಿದವರಿಗೆ ಅರ್ಧ ಕೆಟ್ಟ ಯಂತ್ರ ಅನ್ನಿಸುತ್ತದೆ. ವಿಷಯ ಇಷ್ಟೇ. ಒಂದು ಈಡಿನ ಬಲವೇ ಖಾಲಿ ತೋಟಾ ಎಸೆದು ಮುಂದಿನದನ್ನು ತುಂಬಿಸುತ್ತದೆ, ಆದರೆ ಪ್ರತಿ ಈಡಿಗೂ ಟ್ರಿಗರ್ ಹೊಸದಾಗಿ ಎಳೆಯಬೇಕು. ಎಳೆದು ಹಿಡಿದಿರುವಷ್ಟು ಹೊತ್ತೂ ಸಿಡಿಯುತ್ತಲೇ ಇದ್ದರೆ ಅದು ಪೂರ್ತಿ ಸ್ವಯಂಚಾಲಿತ. ನಮ್ಮ ಸೇನೆಯಲ್ಲಿ ಬಹಳ ಕಾಲ ಇದ್ದ ಎಸ್ಸೆಲ್ಲಾರ್‌ನ ಪೂರ್ತಿ ಹೆಸರಾದ ‘ಸೆಲ್ಫ್ ಲೋಡಿಂಗ್ ರೈಫಲ್’ನಲ್ಲೇ ‘ತಾನೇ ತುಂಬಿಕೊಳ್ಳುವ’ ಅನ್ನುವ ಮಾತಿದೆ. ಹಾಗಾಗಿ ‘ತಾನೇ ತುಂಬಿಕೊಳ್ಳುವ ರೈಫಲ್’ ಅಂತ ಬರೆದಿದ್ದೇನೆ.

ಇದರಲ್ಲೂ ಒಳಜಾತಿಗಳಿವೆ. ಸಣ್ಣ ತೋಟಾದ ಪಿಸ್ತೂಲುಗಳಲ್ಲಿ ಚಿಲಕವೇ ಇರುವುದಿಲ್ಲ. ಬಾಗಿಲಿಗೆ ಅಗುಳಿ ಹಾಕದೆ ಒರಳು ಒರಗಿಸಿದ ಹಾಗೆ, ಹಿಂಭಾಗದ ತೂಕ ಮತ್ತು ಸ್ಪ್ರಿಂಗ್ ಮಾತ್ರ ತಡೆಯುತ್ತವೆ. ಸರಳ, ಅಗ್ಗ. ತೋಟಾ ದೊಡ್ಡದಾದರೆ ಒರಳೂ ದೊಡ್ಡದಾಗಬೇಕು, ಅಲ್ಲಿಗೆ ಮುಗಿಯಿತು. ದೊಡ್ಡ ರೈಫಲ್‌ಗಳಲ್ಲಿ ನಳಿಗೆಗೆ ಸಣ್ಣ ತೂತು ಕೊರೆದು, ಸಿಡಿತದ ಗಾಳಿಯನ್ನು ಅಲ್ಲಿಂದ ಎಳೆದು ಚಿಲಕ ತೆಗೆಯಿಸುತ್ತಾರೆ. ಎಕೆ 47ರಲ್ಲಿ ಆ ಗಾಳಿ ತಳ್ಳುವ ದಂಡ ಚಿಲಕದ ಗೂಡಿಗೇ ಅಂಟಿಕೊಂಡಿದೆ. ಭಾರ ಜಾಸ್ತಿ, ಜಾಗ ಸಡಿಲ, ಮಣ್ಣು ಬಿದ್ದರೂ ನಡೆಯುತ್ತದೆ, ಆದರೆ ಗುರಿ ಅಷ್ಟು ಸೂಕ್ಷ್ಮವಲ್ಲ. ಅಮೆರಿಕದ ಎಂ 16ರಲ್ಲಿ ದಂಡವೇ ಇಲ್ಲ. ಗಾಳಿ ಕೊಳವೆಯಲ್ಲಿ ನೇರ ಚಿಲಕದ ಗೂಡಿಗೆ ಬರುತ್ತದೆ. ಹಗುರ, ಗುರಿ ಚೆನ್ನ, ಆದರೆ ಮಸಿಯೂ ಅಲ್ಲಿಗೇ ಬರುತ್ತದೆ. ವಿಯೆಟ್ನಾಂನಲ್ಲಿ ಮೊದಲಿಗೆ ಮದ್ದು ಬದಲಿಸಿ, ತೊಳೆಯುವ ಸಾಮಾನೂ ಸರಿಯಾಗಿ ಕೊಡದೆ ಆದ ಅವಾಂತರ ಪ್ರಸಿದ್ಧ. ನಮ್ಮ ಸೇನೆಯ ಇನ್ಸಾಸ್ ರೈಫಲ್ ಈ ವಿಷಯದಲ್ಲಿ ಎಕೆಯ ಕಡೆಯದು.

ಈಗ ನನ್ನ ಪ್ರಶ್ನೆಗಳು. ನಮ್ಮ ಮನೆಯಲ್ಲಿ ಉದ್ದದ ಕಬ್ಬಿಣದ ಕೋಲು ತಳ್ಳಿ ತಿರುಗಿಸುವುದಕ್ಕೆ ಚಿಲಕ ಅನ್ನುತ್ತೇವೆ. ಆದರೆ ಧಾರವಾಡದ ಗೆಳೆಯನಿಗೆ ಕೇಳಿದರೆ, ಚಿಲಕ ಅಂದರೆ ಕೊಂಡಿಗೆ ಸಿಕ್ಕಿಸುವ ಸರಪಳಿ, ನೀವು ಹೇಳುವುದು ಅಗಳಿ ಅಂದ. ಅಗುಳಿ ಅಂದರೆ ನನಗೆ ಅಜ್ಜನ ಮನೆಯ ಬಾಗಿಲಿಗೆ ಅಡ್ಡ ಬೀಳುವ ಮರದ ದಿಮ್ಮಿ ಕಾಣುತ್ತದೆ. ನಿಮ್ಮ ಕಡೆ ಯಾವುದಕ್ಕೆ ಏನು? ‘ಚಿಲಕದ ರೈಫಲ್’ ಓದಿದರೆ ನಿಮ್ಮ ಕೈ ತಾನಾಗಿ ತಿರುಗಿಸಿ ಎಳೆಯುತ್ತದಾ, ಅಥವಾ ಸರಪಳಿ ಸದ್ದು ಕೇಳುತ್ತದಾ?

ಕೊಡಗಿನವರು ದಯವಿಟ್ಟು ಮಾತಾಡಬೇಕು. ಕೈಲ್‌ಪೊಳ್ದ್ ಹಬ್ಬದ ದಿನ ನಳಿಗೆಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವವರು ನೀವು. ತೋಕಿನ ಒಳಭಾಗಗಳಿಗೂ ನಿಮ್ಮಲ್ಲಿ ಹೆಸರಿರಬೇಕು. ತುಳುವಿನಲ್ಲಿ ಕೋವಿಗೆ ಬೆಡಿ ಅನ್ನುತ್ತಾರೆ, ಪುತ್ತೂರು ಜಾತ್ರೆಯ ಸುಡುಮದ್ದಿಗೂ ಬೆಡಿ ಅನ್ನುತ್ತಾರೆ. ಹಾಗಾದರೆ ಬೆಡಿಯ ಟ್ರಿಗರ್‌ಗೆ ಏನನ್ನುತ್ತಾರೆ? ಸೇನೆಯಿಂದ ನಿವೃತ್ತರಾದವರು ಯಾರಾದರೂ ಇದ್ದರೆ, ಊರಿಗೆ ಬಂದು ಕನ್ನಡದಲ್ಲಿ ಹೇಳುವಾಗ ‘ಕಾಕ್ ಮಾಡು’ ಅನ್ನುತ್ತೀರಾ, ‘ಕುದುರೆ ಏರಿಸು’ ಅನ್ನುತ್ತೀರಾ? ಹಸ್ತಪ್ರತಿ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ಅಲ್ಲಿಯವರೆಗೆ ಕಿವಿ, ಚಿಲಕ, ಕುದುರೆ ಮೂರೂ ಪೆನ್ಸಿಲ್ಲಿನಲ್ಲೇ ಇರುತ್ತವೆ.