ಸಹಾಯ ಬೇಕು: ಹೊರಗೋಡೆಯ ಮರದ ಹಲಗೆಗೆ ಸ್ಟೇನ್ ಹೊಡೆಸುವುದಾ, ಪೇಂಟಾ?

ಮಲ್ಪೆ ಕಡೆ ನಮ್ಮ ಮನೆ, ಸಮುದ್ರ ಹತ್ತಿರವೇ. ಮಹಡಿಯ ಪಡುಗೋಡೆಗೆ ಹೊರಗಿನಿಂದ ಸಾಗುವಾನಿ ಹಲಗೆ ಹೊಡೆಸಿದ್ದೇವೆ, ಜೂನ್ ಮಳೆಗೆ ಮುಂಚೆ ಏನಾದರೂ ಬಳಿಯಬೇಕು. ಪೇಂಟರ್ ಎನಾಮೆಲ್ ಸಾಕು ಅನ್ನುತ್ತಾರೆ. ಬಿಸಿಲು ತಡೆಯುತ್ತದೆ ಸರಿ, ಆದರೆ ಬಿರುಕಿನಲ್ಲಿ ನೀರು ಹೋದರೆ ಒಳಗೆ ಒಣಗದೆ ಪದರ ಏಳುತ್ತದೆ, ಆಮೇಲೆ ಪೂರ್ತಿ ಕೆರೆದು ತೆಗೆಯುವ ಕೆಲಸ ಯಾರಿಗೆ ಬೇಕು ಮಾರಾಯ್ರೆ! ಮರದೊಳಗೆ ಇಳಿಯುವ ಸ್ಟೇನ್ ಆದರೆ ಸಿಪ್ಪೆ ಏಳುವುದಿಲ್ಲ, ತೊಳೆದು ಒಣಗಿಸಿ ಇನ್ನೊಂದು ಕೋಟ್ ಕೊಟ್ಟರಾಯಿತು, ಆದರೆ ಬೇಗ ಮಾಸುತ್ತದೆ. ಬಣ್ಣವಿಲ್ಲದ ಕ್ಲಿಯರ್ ಬೇಡವೇ ಬೇಡ, ಬಿಸಿಲಿಗೆ ಮರ ಬೂದು ಬಣ್ಣಕ್ಕೆ ತಿರುಗುತ್ತದೆ. ಸುಮ್ನೆ ಗೇರೆಣ್ಣೆ ಹಚ್ಚು ಅಂತ ಅಮ್ಮ, ಕಪ್ಪಾಗುತ್ತದೆ ಅಲ್ವಾ?

ಕರಾವಳಿಯಲ್ಲಿ ಸ್ಟೇನ್ ಹೊಡೆಸಿದವರು ಇದ್ದೀರಾ? ಎಷ್ಟು ಮಳೆಗಾಲ ತಡೆಯಿತು, ಪಾಚಿ ಹಿಡಿಯಿತಾ? ಹಲಗೆಯ ತುದಿಗಳಲ್ಲೇ ನೀರು ಜಾಸ್ತಿ ಹೀರುವುದು, ಅಲ್ಲಿಗೆ ಏನು ಹಚ್ಚಿದಿರಿ?